ಖರಾಬು ನೆಲದ ಸಂರಕ್ಷಣೆ
(ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಗ್ರಾಮಮುಖ್ಯರೂ ಭೂಮಾಲೀಕರೂ ಗಮನಿಸತಕ್ಕ ಸಂಗತಿಗಳು)

ಜಮೀನಿನ ಕಾಗದಪತ್ರಗಳನ್ನು ನೋಡಿ ಬಲ್ಲವರಿಗೆ ಫೋಟಖರಾಬು ಎಂಬ ಶಬ್ದವು ಹೊಸದಲ್ಲ. ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದಲ್ಲಿ ಸಾಗುವಳಿಗೆ ಒದಗುವುದಿಲ್ಲವೆಂದು ಕಂಡುಬಂದು, ಕಂದಾಯದ ಲೆಕ್ಕದಿಂದ ಬಿಡಲ್ಪಟ್ಟ ಭಾಗಕ್ಕೆ ಈ ಹೆಸರು ಸಲ್ಲುತ್ತದೆ. ಕಲ್ಲುಮರಡಿ, ಹಳ್ಳದ ದಂಡೆ, ಕುರುಚಲು ಗಿಡಗಳ ದಿಬ್ಬ, ಹುಲ್ಲು ಮಾತ್ರ ಬೆಳೆಯುವ ಗರಸು ನೆಲ ಇವುಗಳೇ ಸಾಮಾನ್ಯವಾಗಿ ಈ ವರ್ಗಕ್ಕೆ ಸೇರಿರುವುವು. ಇದಲ್ಲದೆ ಊರೂರಿಗೂ ಗಾಯರಾಣವೆಂಬ ದನ ಮೇಯುವ ನೆಲವುಂಟು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಹುಲ್ಲಿಗಾಗಿ ಕಾಯ್ದಿಟ್ಟ ನೆಲಕ್ಕೆ ಕಂಚೆಯೆಂಬ ಹೆಸರೂ ಇತ್ತು. ದೇವಸ್ಥಾನ, ಮಠ, ದರ್ಗಾಗಳ ಹೆಸರಿನಲ್ಲಿಯೂ ಅಲ್ಪಸ್ವಲ್ಪ ಬೀಳುನೆಲವು ಉಳಿದಿರುವುದುಂಟು.

ಕಾಗದದಲ್ಲಿ ಖರಾಬೆಂದು ಬರೆದುದರಿಂದ ನೆಲವೂ ಖರಾಬೆಂದು ಜನರು ಭಾವಿಸಿಕೊಂಡಿರುವುದು ಸಹಜವೇ ಆದರೂ ಸರಿಯಾದುದಲ್ಲ. ಖರಾಬೆಂಬುದು ಕಂದಾಯದ ಮಾತೇ ಹೊರತು ಬೇಸಾಯದ ಮಾತಲ್ಲ. ಕಂದಾಯ ಕೊಡದ ಆ ನೆಲವೇ ಕಂದಾಯ ಕೊಡುವ ನೆಲಕ್ಕೆ ನೀರನ್ನೂ, ಎತ್ತುಗಳಿಗೆ ಮೇವನ್ನೂ, ಬೆಳೆಗೆ ಕಾವಲನ್ನೂ ಒದಗಿಸುತ್ತಿರುವುದೆಂಬುದನ್ನು ತೋರಿಸಿ, ಅದನ್ನು ಒಡೆತನ ಬಿಟ್ಟುಕೊಡದೆ ಕಾಪಾಡಿಕೊಳ್ಳುವ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶವು.

ನೆಲದ ಸ್ವರೂಪ

ಈ ಎರಡು ತಾಲ್ಲೂಕುಗಳ ಅಡಿಗಲ್ಲು ದಕ್ಷಿಣ ಪ್ರಸ್ಥಭೂಮಿಯ ಕರಿಕಲ್ಲು. ಇದು ಶಿಥಿಲವಾಗಿ ತಗ್ಗಿನಲ್ಲಿ ಎರೆಮಣ್ಣಾಗಿದೆ. ಬೀದರ, ಹುಮನಾಬಾದ್ ಕಡೆಯ ಎತ್ತರದ ಬಯಲಿನಲ್ಲಿ ಈ ಕರಿಕಲ್ಲಿನ ಮೇಲೆ ಜಂಬಿಟ್ಟಿಗೆ ಕಲ್ಲಿನ ಹೊದಿಕೆಯುಂಟು. ಜಂಬಿಟ್ಟಿಗೆಯು ರಂಧ್ರಮಯವಾದ ಕಲ್ಲು. ಬಿದ್ದ ಮಳೆಯನ್ನು ಹೀರಿಕೊಳ್ಳುತ್ತದೆ. ಹೀರಿದ ನೀರು ಕೆಳಗಿಳಿದು ಜೇಡಿಯ ಪದರಕ್ಕೂ ಕರಿಕಲ್ಲಿಗೂ ತಾಕಿದಾಗ ಮುಂದೆ ಹೋಗಲಾರದೆ ಅಡ್ಡಲಾಗಿ ಹರಿದು, ದಿಬ್ಬದ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಬೀದರ ಪಟ್ಟಣದ ನರಸಿಂಹ ಝರಣಿ, ಗುರುನಾನಕ ಝೀರಾ ಮೊದಲಾದ ಪ್ರಸಿದ್ಧ ಒರತೆಗಳು ಹುಟ್ಟಿರುವುದು ಹೀಗೆಯೇ. ತಗ್ಗಿನ ಹೊಲದ ಬಾವಿಗಳಿಗೆ ಬರುವ ಸೆಲೆಯೂ ಬಹುಮಟ್ಟಿಗೆ ಇದೇ ಬಗೆಯದು.

ಇಲ್ಲಿಯ ಹಳ್ಳಗಳು ಎರಡು ಮಹಾನದಿಗಳಿಗೆ ನೀರನ್ನು ಹಂಚುತ್ತವೆ. ಚುಳಕಿನಾಲಾ, ಕಾರಂಜಾಗಳ ನೀರು ಮಾಂಜ್ರಾ ನದಿಯ ಮೂಲಕ ಗೋದಾವರಿಗೆ ಸಲ್ಲುತ್ತದೆ. ಮುಲ್ಲಾಮಾರಿಯ ನೀರು ಕಾಗಿಣಾ, ಭೀಮಾ ನದಿಗಳ ಮೂಲಕ ಕೃಷ್ಣೆಗೆ ಹೋಗುತ್ತದೆ. ಹೀಗೆ ಎರಡು ಕಡೆಗೂ ನೀರು ಇಳಿಯುವ ಬೆನ್ನುನೆಲದಲ್ಲಿರುವ ಗ್ರಾಮಗಳಿಗೆ ಮೇಲಿನಿಂದ ಹರಿದು ಬರುವ ನೀರಿಲ್ಲ. ತಮ್ಮ ನೆಲದ ಮೇಲೆ ಬಿದ್ದ ಮಳೆಯೇ ಅವುಗಳ ಸರ್ವಸ್ವವು.

ಲೆಕ್ಕವನ್ನು ಸ್ವಲ್ಪ ನೋಡಬಹುದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆಯಾದರೆ ಬೀಳುವ ನೀರು ಸುಮಾರು 1,02,800 ಲೀಟರು. ವರ್ಷಕ್ಕೆ 800 ಮಿಲಿಮೀಟರ್ ಮಳೆಯೆಂದು ಹಿಡಿದರೂ ಎಕರೆಗೆ 32 ಲಕ್ಷ ಲೀಟರಿಗೂ ಮೇಲಾಯಿತು. ಹುಲ್ಲು ಮುಚ್ಚಿದ ದಿಬ್ಬದಲ್ಲಿ ಮಳೆಯ ಹನಿಯು ಎಲೆಗೆ ತಾಕಿ, ವೇಗ ಕುಂದಿ, ಬೇರಿನ ಜಾಡು ಹಿಡಿದು ನೆಲಕ್ಕಿಳಿಯುತ್ತದೆ. ಬೋಳು ದಿಬ್ಬದಲ್ಲಿ ಅದೇ ಹನಿಯು ಮಣ್ಣಿಗೆ ಬಡಿದು, ಮೇಲ್ಮಣ್ಣನ್ನು ಕದಡಿ, ಕೆಸರು ನೀರಾಗಿ ಹಳ್ಳಕ್ಕೆ ಓಡುತ್ತದೆ. ಒಂದು ಎಕರೆಯಲ್ಲಿ ಒಂದೇ ಮಿಲಿಮೀಟರ್ ದಪ್ಪದ ಮಣ್ಣು ಕೊಚ್ಚಿಹೋದರೆ ಸುಮಾರು 5 ಟನ್ ಮಣ್ಣು ಹೋದಂತಾಯಿತು. ಗರಸು ನೆಲದಲ್ಲಿ ಕಲ್ಲಿನ ಮೇಲಿನ ಮಣ್ಣಿನ ದಪ್ಪವೇ ಕೆಲವು ಅಂಗುಲವಾಗಿರುವಾಗ ಇಂಥ ನಷ್ಟವನ್ನು ಎಷ್ಟು ವರ್ಷ ತಡೆಯಬಹುದೆಂಬುದನ್ನು ಯಾರೂ ಊಹಿಸಬಹುದು. ಕೊಚ್ಚಿಹೋದ ಮಣ್ಣಾದರೂ ಸುಮ್ಮನಿರುವುದಿಲ್ಲ. ಚುಳಕಿನಾಲಾ, ಮೇಲ್ಮುಲ್ಲಾಮಾರಿ ಮೊದಲಾದ ಜಲಾಶಯಗಳ ಮತ್ತು ಊರಕೆರೆಗಳ ತಳವನ್ನು ತುಂಬುತ್ತದೆ.

ಈ ನೆಲದ ಸಹಜ ಸಂಪತ್ತು

ಇಲ್ಲಿಯ ಹವೆಗೂ ಮಣ್ಣಿಗೂ ಸಾವಿರಾರು ವರ್ಷಗಳಿಂದ ಒಗ್ಗಿಕೊಂಡ ಸಸ್ಯಗಳು ಹಲವು. ಮರಗಳಲ್ಲಿ ಮುತ್ತುಗ, ಬೇವು, ಜಾಲಿ, ಬನ್ನಿ, ದಿಂಡಿಗ, ಕಗ್ಗಲಿ, ಇಪ್ಪೆ, ಹೊಂಗೆ, ಅತ್ತಿ, ಆಲ, ಬಿಲ್ವಗಳು. ಕುರುಚಲಿನಲ್ಲಿ ತೂಪ್ರೆ, ಕವಳಿ, ಬೋರೆ, ತಂಗಡಿ, ಲಕ್ಕಿಗಳು. ಹುಲ್ಲುಗಳಲ್ಲಿ ಮಾರ್ವೆಲ್, ಶೇಡಾ, ಬಟ್ಟೆಗೆ ಚುಚ್ಚಿಕೊಳ್ಳುವ ಸೂಜಿಹುಲ್ಲು ಇವು ಮುಖ್ಯವಾದುವು. ಮುತ್ತುಗದ ಎಲೆಯಿಂದ ಪತ್ರಾವಳಿ, ತೂಪ್ರೆಯ ಎಲೆಯಿಂದ ಬೀಡಿ, ಹೊಂಗೆಯಿಂದ ಎಣ್ಣೆ ಮತ್ತು ಹಿಂಡಿ, ತಂಗಡಿಯ ತೊಗಟೆಯಿಂದ ಚರ್ಮ ಹದಮಾಡುವ ಸಾಮಗ್ರಿ ದೊರೆಯುವುದು ಎಲ್ಲರಿಗೂ ತಿಳಿದುದೇ ಆಗಿದೆ. ಬನ್ನಿಯನ್ನು ದಸರೆಯ ದಿನ ಪೂಜಿಸುವವರು ಉಳಿದ ದಿನಗಳಲ್ಲಿ ಅದು ಗೊಬ್ಬರವನ್ನೂ ಮೇವನ್ನೂ ಕೊಡುವ ಮರವೆಂಬುದನ್ನು ಮರೆಯಬಾರದು.

ಮೇವಿನ ವಿಷಯದಲ್ಲಿ ಹುಲ್ಲುಗಾವಲಿನ ಮಹತ್ವವನ್ನು ಬೇರೆಯಾಗಿ ಹೇಳಬೇಕು. ಬೀದರ ಜಿಲ್ಲೆಯಲ್ಲಿಯೂ ನೆರೆಯ ಮರಾಠವಾಡೆಯಲ್ಲಿಯೂ ಬೆಳೆದುಬಂದ ದೇವಣಿ ತಳಿಯ ದನಗಳು ದುಡಿಮೆಗೂ ಹಾಲಿಗೂ ಹೆಸರಾದವು. ಬಾಲಂಕ್ಯಾ, ವನ್ನೇರಾ, ವಾಘ್ಯಾ ಎಂಬ ಈ ತಳಿಯ ಮೂರು ಬಗೆಗಳನ್ನು ಸಂತೆಯಲ್ಲಿ ಮೈಬಣ್ಣದಿಂದಲೇ ಗುರುತಿಸುವರು. ಇಂಥ ತಳಿಯು ಕೊಟ್ಟಿಗೆಯಲ್ಲಿ ಚೀಲದ ಹಿಂಡಿಯಿಂದ ಬೆಳೆದುದಲ್ಲ. ಗಾಯರಾಣದ ಹುಲ್ಲಿನಿಂದ ಬೆಳೆದುದು. ಗಾಯರಾಣವು ಕಿರಿದಾದಂತೆಲ್ಲ ದನಗಳ ಸಂಖ್ಯೆಯೂ ಅವುಗಳೊಂದಿಗೆ ಹೊಲಕ್ಕೆ ಬೀಳುವ ಸಗಣಿಗೊಬ್ಬರವೂ ಇಳಿಯುವುವು.

ಪ್ರಾಣಿಪಕ್ಷಿಗಳ ಸಹಾಯವೂ ಕಡಿಮೆಯದಲ್ಲ. ತೊಗರಿ, ಕಡಲೆಗಳ ಕಾಯಿಕೊರಕ ಹುಳುವನ್ನು ಕಾಜಾಣ, ಮೈನಾ, ಬೆಳ್ಳಕ್ಕಿಗಳು ಹೆಕ್ಕಿ ತಿನ್ನುತ್ತವೆ. ಗೂಗೆಯೂ ಸಣ್ಣ ನರಿಯೂ ಹಾವುಗಳೂ ಇಲಿಗಳನ್ನು ಹಿಡಿಯುತ್ತವೆ. ಸೂರ್ಯಕಾಂತಿಯು ಕಾಳು ಕಟ್ಟುವುದಕ್ಕೆ ಜೇನುಹುಳುಗಳು ಬೇಕೇ ಬೇಕು. ಈ ಜೀವಿಗಳು ಬೆಳೆಯಿಲ್ಲದ ತಿಂಗಳುಗಳಲ್ಲಿ ಗೂಡು ಕಟ್ಟಿಕೊಂಡು ಇರುವುದು ಹೊಲದ ನಡುವೆಯಲ್ಲ, ಹೊಲದ ಅಂಚಿನ ಖರಾಬು ನೆಲದ ಪೊದೆ, ಪೊಟರೆ, ಬಿಲಗಳಲ್ಲಿ. ಕೃಷ್ಣಮೃಗಗಳ ಹಿಂಡುಗಳು ಬೀದರ ಜಿಲ್ಲೆಯ ಹುಲ್ಲುಬಯಲುಗಳಲ್ಲಿ ಈಗಲೂ ಕಾಣಸಿಗುವುವು. ಆದರೆ ಇದೇ ಬಯಲುಸೀಮೆಯ ಹಕ್ಕಿಯಾದ ಹೆಬ್ಬಕದ ಗತಿಯನ್ನು ನೋಡಿದರೆ ಎಚ್ಚರವಾಗಬೇಕು. ಎರೆಭೂತವೆಂದೂ ಕರೆಯಲ್ಪಡುವ ಈ ದೊಡ್ಡ ಹಕ್ಕಿಗಾಗಿ ನೆರೆಯ ಸೊಲ್ಲಾಪುರ ಜಿಲ್ಲೆಯ ನಾನಜ್ ಪ್ರದೇಶದಲ್ಲಿ 1979ರಲ್ಲಿ ಅಭಯಾರಣ್ಯವನ್ನು ಘೋಷಿಸಿದರೂ, ಸುತ್ತಲಿನ ಹುಲ್ಲುಬಯಲು ಉಳುಮೆಗೆ ಹೋದುದರಿಂದ ದಖ್ಖನಿನಲ್ಲಿ ಅದು ಹೆಚ್ಚುಕಡಿಮೆ ಇಲ್ಲವೆಂಬಂತಾಗಿದೆ. ಸರ್ಕಾರವು ಕಾಯ್ದ ನೆಲವೊಂದೇ ಸಾಲದು, ಸುತ್ತಲಿನ ಖಾಸಗಿ ನೆಲವೂ ಜೊತೆಗೂಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾನಿಗೆ ಕಾರಣಗಳು

ಮೊದಲನೆಯದು ಒತ್ತುವರಿ. ಪ್ರತಿ ವರ್ಷವೂ ಒಂದೆರಡು ಸಾಲು ನೇಗಿಲು ಗಾಯರಾಣದೊಳಕ್ಕೆ ಸರಿಯುವುದು. ಕೆಲವು ವರ್ಷಗಳಲ್ಲಿ ಗಡಿಕಲ್ಲೇ ಹೊಲದ ನಡುವೆ ನಿಲ್ಲುವುದು. ಹೀಗೆ ಗೆದ್ದ ಗರಸು ನೆಲವು ಮೊದಲ ಎರಡು ಮೂರು ವರ್ಷ ಅಲ್ಪ ಬೆಳೆ ಕೊಟ್ಟು, ಮೇಲ್ಮಣ್ಣು ಕಳೆದುಕೊಂಡು, ಕಡೆಗೆ ಬೆಳೆಗೂ ಇಲ್ಲ ಹುಲ್ಲಿಗೂ ಇಲ್ಲವೆಂಬಂತಾಗುವುದು. ಒಮ್ಮೆ ಉತ್ತ ಹುಲ್ಲುಗಾವಲಿನಲ್ಲಿ ಮೊದಲಿನ ಬಹುವಾರ್ಷಿಕ ಹುಲ್ಲು ಮರಳಿ ಬರುವುದಕ್ಕೆ ದಶಕಗಳೇ ಬೇಕಾಗುವುವು.

ಎರಡನೆಯದು ಮಿತಿಯಿಲ್ಲದ ಮೇಯಿಸುವಿಕೆ. ದನವು ರುಚಿಯಾದ ಹುಲ್ಲನ್ನೇ ಮೊದಲು ಆರಿಸಿ ತಿನ್ನುತ್ತದೆ. ಬಿಡುವಿಲ್ಲದೆ ಮೇಯಿಸಿದರೆ ಮಾರ್ವೆಲ್, ಶೇಡಾಗಳು ಬೀಜ ಕಟ್ಟುವ ಮೊದಲೇ ನಾಶವಾಗಿ, ದನ ಮುಟ್ಟದ ಹುಲ್ಲು ಮತ್ತು ಮುಳ್ಳು ಮಾತ್ರ ಉಳಿಯುವುವು.

ಮೂರನೆಯದು ಮೊರಮು ಮತ್ತು ಜಂಬಿಟ್ಟಿಗೆಯ ಅಗೆತ. ರಸ್ತೆಗೂ ಕಟ್ಟಡಕ್ಕೂ ಬೇಕಾದ ಮೊರಮನ್ನು ಎಲ್ಲೆಂದರಲ್ಲಿ ತೆಗೆದರೆ ನೀರು ಹೀರುವ ಹೊದಿಕೆಯೇ ಹೋದಂತಾಗುವುದು. ಹುಲ್ಲು ಹೋದರೆ ಮರಳಿ ತರಬಹುದು. ಕಲ್ಲಿನ ಹೊದಿಕೆ ಹೋದರೆ ತರುವ ಉಪಾಯವಿಲ್ಲ.

ನಾಲ್ಕನೆಯದು ಹೊರದೇಶದ ಗಿಡಗಳ ಹಾವಳಿ. ಬಳ್ಳಾರಿ ಜಾಲಿಯು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಉರುವಲಿಗಾಗಿ ಭಾರತಕ್ಕೆ ತರಲ್ಪಟ್ಟ ಅಮೆರಿಕಾ ಖಂಡದ ಗಿಡ. ಲಂಟಾನವೂ ಆ ಖಂಡದ್ದೇ. ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಕಳೆಯು 1950ರ ದಶಕದ ನಡುವೆ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಹೊರದೇಶದಿಂದ ಬಂದುದೆಲ್ಲ ಕೆಟ್ಟುದೆಂದು ಇದರ ಅರ್ಥವಲ್ಲ. ಈ ಭಾಗದ ಬಡವರಿಗೆ ನಾಲ್ಕು ಕಾಸು ತರುವ ಸೀತಾಫಲವೂ ಅಮೆರಿಕಾ ಖಂಡದಿಂದ ಬಂದುದೇ. ಆದರೆ ಸೀತಾಫಲವು ತನ್ನ ಪಾಡಿಗೆ ತಾನಿರುವುದು; ಬಳ್ಳಾರಿ ಜಾಲಿಯು ತನ್ನ ಕೆಳಗೆ ಹುಲ್ಲು ಹುಟ್ಟಗೊಡುವುದಿಲ್ಲ. ಗಿಡದ ಯೋಗ್ಯತೆಯನ್ನು ಅದರ ಹುಟ್ಟೂರಿನಿಂದಲ್ಲ, ನಡತೆಯಿಂದ ಅಳೆಯಬೇಕು.

ಐದನೆಯದು ಒಳ್ಳೆಯ ಉದ್ದೇಶದಿಂದಲೇ ಆಗುವ ಕೇಡು. ಬಯಲು ಕಂಡಲ್ಲೆಲ್ಲ ಗುಂಡಿ ತೋಡಿ ನೀಲಗಿರಿ, ಸುಬಾಬುಲ್ ಮೊದಲಾದುವನ್ನು ನೆಟ್ಟು ಹಸಿರು ಮಾಡಿದೆವೆಂದು ತೃಪ್ತಿಪಡುವುದುಂಟು. ಹುಲ್ಲುಗಾವಲೆಂದರೆ ಮರವಿಲ್ಲದ ಕಾಡಲ್ಲ, ಅದು ಬೇರೆಯೇ ಒಂದು ಸೃಷ್ಟಿ. ಅಲ್ಲಿ ದಟ್ಟವಾಗಿ ಮರ ಬೆಳೆಸಿದರೆ ಹುಲ್ಲೂ ಹೋಗಿ, ಹುಲ್ಲನ್ನು ನಂಬಿದ ಜೀವಿಗಳೂ ಹೋಗುವುವು. ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ಕರ್ನಾಟಕ ಸರ್ಕಾರವು 2017ರಲ್ಲಿ ನಿಷೇಧಿಸಿತು.

ಬೇರೆ ಕಡೆಗಳ ದೃಷ್ಟಾಂತಗಳು

ಸ್ವಂತ ನೆಲದ ಸಹಜ ಸಂಪತ್ತನ್ನು ಒಡೆಯರೇ ಕಾಪಾಡಿದುದಕ್ಕೂ, ಕಾಪಾಡದೆ ಕಳೆದುಕೊಂಡುದಕ್ಕೂ ದೃಷ್ಟಾಂತಗಳುಂಟು.

ಕೊಡಗಿನ ದೇವರಕಾಡುಗಳು ಹೆಸರಾದುವು. ಕೊಡಲಿ ತಾಗಿಸಬಾರದೆಂಬ ಕಟ್ಟಳೆಯಿಂದ ಊರವರು ತಲೆತಲಾಂತರದಿಂದ ಉಳಿಸಿಕೊಂಡು ಬಂದ ಕಾಡು ಅದು. ಆದರೆ 1873ರಲ್ಲಿ ಸುಮಾರು 15,500 ಎಕರೆಯಿದ್ದ ದೇವರಕಾಡು 1985ರ ವೇಳೆಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಭಯಭಕ್ತಿಯೊಂದರಿಂದಲೇ ನೆಲವು ಉಳಿಯುವುದಿಲ್ಲ. ಗಡಿ ಗುರುತು, ಬರಹ, ಕಾವಲು ಮೂರೂ ಬೇಕೆಂದು ಇದರಿಂದ ತಿಳಿಯಬರುವುದು.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುವುದು ಸರ್ಕಾರಿ ಅರಣ್ಯದಲ್ಲಲ್ಲ, ಊರೊಳಗಿನ ರೈತರ ಹುಣಸೆ ಮುಂತಾದ ಸ್ವಂತ ಮರಗಳ ಮೇಲೆ. ಗ್ರಾಮಸ್ಥರು ಅವುಗಳನ್ನು ಮನೆಯ ಹೆಣ್ಣುಮಕ್ಕಳಂತೆ ಭಾವಿಸಿ, ಫಲದ ನಷ್ಟವನ್ನೂ ಸಹಿಸಿ ಕಾಪಾಡಿದರು. ಮರದ ಒಡೆಯರಿಗೆ ಅರಣ್ಯ ಇಲಾಖೆಯು ಪರಿಹಾರವನ್ನು ಕೊಡುವ ಏರ್ಪಾಡೂ ಆಯಿತು. 2007ರಲ್ಲಿ ಆ ಸ್ಥಳವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದನಗರ) ಜಿಲ್ಲೆಯ ಹಿವರೆ ಬಜಾರ್ ಎಂಬ ಗ್ರಾಮದ ನೆಲವೂ ಇಲ್ಲಿಯಂತೆ ಕರಿಕಲ್ಲಿನದು. ಮಳೆಯಂತೂ ಇಲ್ಲಿಗಿಂತ ಕಡಿಮೆ. 1990ರ ದಶಕದಲ್ಲಿ ಆ ಗ್ರಾಮಸ್ಥರು ಕುರ್ಹಾಡಬಂದಿ, ಚರಾಯಿಬಂದಿ, ಅಂದರೆ ಮರ ಕಡಿಯದಿರುವುದು, ಗುಡ್ಡದಲ್ಲಿ ದನ ಬಿಡದಿರುವುದು ಎಂಬ ಕಟ್ಟಳೆಗಳನ್ನು ತಾವೇ ಮಾಡಿಕೊಂಡು ಹುಲ್ಲನ್ನು ಕೊಯ್ದೇ ಒಯ್ಯುವ ಪದ್ಧತಿಯನ್ನು ಹಿಡಿದರು. ನೀರು ಇಂಗಿಸುವ ಕೆಲಸಗಳೂ ಇದರ ಜೊತೆಗೂಡಿದುದರಿಂದ ಬಾವಿಗಳಲ್ಲಿ ನೀರೂ ಮನೆಗಳಲ್ಲಿ ಹೈನವೂ ಹೆಚ್ಚಿದುವು.

ದೂರದ ನ್ಯೂಜಿಲೆಂಡ್ ದೇಶದ ಮೂಲನಿವಾಸಿಗಳಾದ ಮಾವೊರಿ ಜನರ ಉದಾಹರಣೆಯು ಭೂಮಾಲೀಕರಿಗೆ ಇನ್ನೂ ಹತ್ತಿರವಾದುದು. 1865ರಲ್ಲಿ ಸ್ಥಾಪಿತವಾದ ಭೂ ನ್ಯಾಯಾಲಯವು ಕುಲದ ಒಟ್ಟು ನೆಲವನ್ನು ಹೆಸರು ಹೆಸರಿಗೆ ಹಂಚಿದುದರಿಂದ ಅವರ ಹೆಚ್ಚಿನ ನೆಲವು ಕೈಬಿಟ್ಟುಹೋಯಿತು. ಉಳಿದ ಸುಮಾರು 14 ಲಕ್ಷ ಹೆಕ್ಟೇರಿನಲ್ಲಿ ಬಹುಭಾಗವು ಇಂದಿಗೂ ಅನೇಕ ವಾರಸುದಾರರ ಕೂಡುಸ್ವತ್ತು. ಅದರಲ್ಲಿ ಆ ನಾಡಿನ ಮೂಲ ಕಾಡು ಸಾಕಷ್ಟಿದೆ. ಆ ಕಾಡನ್ನು ಉಳಿಸಬೇಕೆಂದು ಸರ್ಕಾರವು ನೆಲವನ್ನು ವಶಪಡಿಸಿಕೊಳ್ಳಲು ಹೋಗಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಆದುದರಿಂದ 1991ರಲ್ಲಿ ಙಾ ಫೆನುವಾ ರಾಹುಯಿ ಎಂಬ ನಿಧಿಯು ಏರ್ಪಟ್ಟಿತು. ರಾಹುಯಿ ಎಂದರೆ ಅವರ ಹಳೆಯ ಕಟ್ಟಳೆಯಲ್ಲಿ ಒಂದು ನೆಲವನ್ನೋ ನೀರನ್ನೋ ಕೆಲಕಾಲ ಮುಟ್ಟದಂತೆ ಮೀಸಲಿಡುವುದು. ಒಡೆಯರು ಒಡೆತನವನ್ನು ಬಿಟ್ಟುಕೊಡದೆ ಸರ್ಕಾರದೊಡನೆ ಒಡಂಬಡಿಕೆ ಮಾಡಿಕೊಳ್ಳುವರು. ಬೇಲಿ ಹಾಕುವುದಕ್ಕೂ, ಹೊರಗಿನಿಂದ ಬಂದು ಕಾಡನ್ನು ತಿನ್ನುವ ಆಡು, ಪೊಸಮ್ ಮೊದಲಾದ ಪ್ರಾಣಿಗಳನ್ನು ತಡೆಯುವುದಕ್ಕೂ ನಿಧಿಯಿಂದ ಸಹಾಯ ದೊರೆಯುವುದು. ಪ್ರತಿ 25 ವರ್ಷಕ್ಕೊಮ್ಮೆ, ಎಂದರೆ ಒಂದೊಂದು ತಲೆಮಾರಿಗೊಮ್ಮೆ, ಆ ಒಡಂಬಡಿಕೆಯನ್ನು ಮಕ್ಕಳು ಮತ್ತೆ ಪರಿಶೀಲಿಸಬಹುದು. ತಂದೆಯ ಮಾತು ಮಗನ ಕೈಯನ್ನು ಶಾಶ್ವತವಾಗಿ ಕಟ್ಟಿಹಾಕುವುದಿಲ್ಲವಾದ ಕಾರಣ ತಂದೆಯೂ ಧೈರ್ಯದಿಂದ ಮಾತು ಕೊಡುತ್ತಾನೆ. ನಾಲ್ಕಾರು ಮಂದಿ ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿ ಬೀಳುಬಿದ್ದಿರುವ ಇಲ್ಲಿಯ ಮರಡಿಗಳಿಗೆ ಈ ಮಾದರಿಯು ಚೆನ್ನಾಗಿ ಒಪ್ಪುವುದು.

ಅನುಸರಿಸತಕ್ಕ ಕ್ರಮ

1. ಗುರುತಿಸುವಿಕೆ: ಮೊದಲು ಗ್ರಾಮದ ನಕಾಶೆ ಮತ್ತು ಆಕಾರಬಂದುಗಳಿಂದ ಗಾಯರಾಣ, ಫೋಟಖರಾಬು, ದೇವಸ್ಥಾನದ ಬೀಳುನೆಲಗಳನ್ನು ಪಟ್ಟಿಮಾಡಿ, ಗಡಿಕಲ್ಲುಗಳನ್ನು ಪುನಃ ನೆಡಿಸಬೇಕು. 1966ರ ಭೂಕಂದಾಯ ನಿಯಮಗಳ ಮೇರೆಗೆ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ, ಉಚಿತ ಮೇವಿನ ನೆಲವಿರತಕ್ಕದ್ದು. 600 ಜಾನುವಾರುಗಳುಳ್ಳ ಗ್ರಾಮಕ್ಕೆ ಈ ಲೆಕ್ಕದಂತೆ ಸುಮಾರು 180 ಎಕರೆ ಸಲ್ಲುತ್ತದೆ. ತಮ್ಮ ಗ್ರಾಮದಲ್ಲಿ ಎಷ್ಟಿದೆಯೆಂದು ಮುಖ್ಯಸ್ಥರು ಲೆಕ್ಕ ಹಾಕಿ ನೋಡಬೇಕು. ಗ್ರಾಮದ ಸಾಮುದಾಯಿಕ ನೆಲಗಳ ಒತ್ತುವರಿಯನ್ನು ತೆರವುಗೊಳಿಸಲು ವ್ಯವಸ್ಥೆ ಮಾಡಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿರುವುದು.

2. ಸರದಿಯ ವಿಶ್ರಾಂತಿ: ನೆಲವನ್ನೆಲ್ಲ ಒಮ್ಮೆಗೇ ಮುಚ್ಚಕೂಡದು. ಹಾಗೆ ಮಾಡಿದರೆ ಭೂಮಿಯಿಲ್ಲದೆ ಕುರಿಮೇಕೆಗಳನ್ನೇ ನಂಬಿದ ಸಂಸಾರಗಳ ಹೊಟ್ಟೆಗೆ ಹೊಡೆದಂತಾಗುವುದು; ಅವರು ರಾತ್ರಿ ಬೇಲಿ ದಾಟುವುದೂ ನಿಶ್ಚಯ. ನೆಲವನ್ನು ನಾಲ್ಕು ಪಾಲು ಮಾಡಿ, ವರ್ಷಕ್ಕೊಂದು ಪಾಲನ್ನು ಮಾತ್ರ ಮೊದಲ ಮಳೆಯಿಂದ ಹುಲ್ಲು ಬೀಜ ಉದುರಿಸುವ ತನಕ ಮುಚ್ಚಬೇಕು. ನಾಲ್ಕು ವರ್ಷಗಳಲ್ಲಿ ಎಲ್ಲ ಪಾಲಿಗೂ ವಿಶ್ರಾಂತಿ ದೊರೆಯುವುದು.

3. ಕೊಯ್ಲು: ಮುಚ್ಚಿದ ಪಾಲಿನ ಮಾರ್ವೆಲ್, ಶೇಡಾ ಹುಲ್ಲುಗಳನ್ನು ಬೀಜ ಉದುರಿದ ಮೇಲೆ ಕುಡುಗೋಲಿನಿಂದ ಕೊಯ್ದು ಒಣಗಿಸಿ ಬಣವೆ ಹಾಕಬೇಕು. ಸೂಜಿಹುಲ್ಲಿರುವ ಕಡೆ ಮಾತ್ರ ಮುಳ್ಳು ಬಲಿಯುವ ಮೊದಲೇ ಕೊಯ್ಯಬೇಕು. ಬಲಿತ ಮುಳ್ಳು ದನಗಳ ಬಾಯಿಗೂ ಕುರಿಗಳ ಚರ್ಮಕ್ಕೂ ಗಾಯ ಮಾಡುವುದು.

4. ಬೆಂಕಿ: ಬೇಸಿಗೆಯಲ್ಲಿ ಹೊಸ ಚಿಗುರಿನ ಆಸೆಯಿಂದ ಹುಲ್ಲಿಗೆ ಬೆಂಕಿಯಿಡುವುದನ್ನು ನಿಲ್ಲಿಸಬೇಕು. ಸುತ್ತಲೂ ಎಂಟು ಹತ್ತು ಅಡಿ ಅಗಲದ ಪಟ್ಟಿಯನ್ನು ಫಾಲ್ಗುಣಕ್ಕೆ ಮೊದಲೇ ಹೆರೆದು ಬೋಳುಮಾಡಿದರೆ ಹೊರಗಿನ ಬೆಂಕಿಯು ಒಳಬರಲಾರದು.

5. ಹೊರಗಿಡಗಳ ನಿವಾರಣೆ: ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡದ ಬದಲು ಹತ್ತು ಚಿಗುರುವುವು. ಮಳೆಯಿಂದ ಮಣ್ಣು ಮೆತ್ತಗಾದಾಗ ನೆಲದೊಳಗಿನ ಬೇರುಗುಡ್ಡೆಯ ಸಮೇತ ತೆಗೆಯಬೇಕು. ಲಂಟಾನಕ್ಕೂ ಇದೇ ಕ್ರಮ. ಬಳ್ಳಾರಿ ಜಾಲಿಯ ಕಾಯಿ ತಿಂದ ದನಗಳ ಸಗಣಿಯಲ್ಲಿ ಬೀಜವು ಮೊಳೆಯುವುದರಿಂದ ಕಾಯಿ ಬಲಿಯುವ ಮೊದಲೇ ಕೆಲಸ ಮುಗಿಯಬೇಕು. ಪಾರ್ಥೇನಿಯಮನ್ನು ಹೂಬಿಡುವ ಮುನ್ನ, ಕೈಗೆ ಚೀಲ ಕಟ್ಟಿಕೊಂಡು ಕೀಳಬೇಕು. ಈ ಕಳೆಯನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮಳೆಗಾಲದಲ್ಲಿ ಕಳೆಯ ಮೇಲೆ ಕಂಡುಬರುವ ಈ ದುಂಬಿಗಳನ್ನು ಕೊಲ್ಲಬಾರದು. ಒಮ್ಮೆಗೇ ಎಲ್ಲವನ್ನೂ ತೆಗೆದು ನೆಲವನ್ನು ಬೋಳುಮಾಡದೆ, ತೆಗೆದಲ್ಲೆಲ್ಲ ಸ್ಥಳೀಯ ಹುಲ್ಲಿನ ಬೀಜವನ್ನು ಚೆಲ್ಲುತ್ತ ಹೋಗಬೇಕು.

6. ಮರಗಳು: ಹುಲ್ಲುಗಾವಲಿನ ನಡುವೆ ಗುಂಡಿ ತೋಡಕೂಡದು. ಹಳ್ಳದ ದಂಡೆ ಮತ್ತು ಬದುಗಳೇ ಮರಗಳಿಗೆ ತಕ್ಕ ಸ್ಥಳ. ಹೊಸ ಸಸಿಗಿಂತ ನೆಲದಲ್ಲಿರುವ ಹಳೆಯ ಬೊಡ್ಡೆಗಳೇ ಮೇಲು. ಮುತ್ತುಗ, ದಿಂಡಿಗಗಳ ಬೊಡ್ಡೆಯಿಂದೇಳುವ ಚಿಗುರುಗಳಲ್ಲಿ ನೆಟ್ಟಗಿರುವ ಎರಡು ಮೂರನ್ನು ಉಳಿಸಿ ಮಿಕ್ಕುದನ್ನು ಸವರಿದರೆ, ನೀರು ಹಾಕದೆಯೇ ಮರವಾಗುವುವು.

7. ಒಡಂಬಡಿಕೆ: ಬಾಯಿಮಾತು ಸಾಲದು. ಮುಚ್ಚುವ ಪಾಲು, ಅವಧಿ, ಹುಲ್ಲಿನ ಹಂಚಿಕೆ, ಕಾವಲುಗಾರನ ಸಂಬಳ, ತಪ್ಪಿದವರ ದಂಡ ಇವುಗಳನ್ನು ಗ್ರಾಮಸಭೆಯಲ್ಲಿ ಓದಿ, ಒಪ್ಪಿಸಿ, ಬರೆಯಿಸಬೇಕು. ಭೂಮಿಯಿಲ್ಲದವರಿಗೂ ಹುಲ್ಲಿನಲ್ಲಿ ಪಾಲಿರಬೇಕು. ಮೊರಮು ಬೇಕಾದರೆ ಕಾನೂನಿನ ಅನುಮತಿಯೊಡನೆ ಒಂದೇ ಸ್ಥಳವನ್ನು ಗೊತ್ತುಮಾಡಬೇಕು.

8. ಕಾನೂನಿನ ಆಸರೆ: 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು, ಅದರ ದಾಖಲೆ ಪುಸ್ತಕದಲ್ಲಿ ಗ್ರಾಮದ ಗಿಡಮರಪ್ರಾಣಿಗಳನ್ನು ಬರೆಯಿಸಬಹುದು. ದೇವನಹಳ್ಳಿಯ ಬಳಿಯ ನಲ್ಲೂರು ಹುಣಸೆತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾದುದು ಇದೇ ಕಾಯಿದೆಯಿಂದ. ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಒಬ್ಬ ವ್ಯಕ್ತಿಯಾಗಲಿ ಸಮುದಾಯವಾಗಲಿ ತಾನಾಗಿ ಮುಂದೆ ಬಂದರೆ ಆ ನೆಲವು ಸಮುದಾಯ ಮೀಸಲು ಪ್ರದೇಶವಾಗಬಹುದು. ಆದರೆ ಹಾಗೆ ಘೋಷಿತವಾದ ಮೇಲೆ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಇಲ್ಲದೆ ನೆಲದ ಬಳಕೆಯನ್ನು ಬದಲಿಸಲಾಗದೆಂಬುದನ್ನು ಮೊದಲೇ ತಿಳಿದು, ಮನೆಯವರೆಲ್ಲರೂ ಒಪ್ಪಿದ ನಂತರವೇ ಅರ್ಜಿ ಕೊಡುವುದು ಯುಕ್ತವು.

ಆಕ್ಷೇಪಣೆಗಳಿಗೆ ಸಮಾಧಾನ

"ನಾನೊಬ್ಬನು ಕಾಯ್ದರೆ ನೆರೆಯವನ ದನ ಮೇಯ್ದುಹೋಗುವುದು" ಎಂಬುದು ಮೊದಲನೆಯ ಆಕ್ಷೇಪಣೆ. ಇದು ನಿಜವೇ. ಆದಕಾರಣವೇ ಈ ಕೆಲಸವು ಒಬ್ಬನಿಂದ ಆಗತಕ್ಕದ್ದಲ್ಲ, ಗ್ರಾಮಮುಖ್ಯರು ಮುಂದೆ ನಿಂತು ಮಾಡಿಸತಕ್ಕದ್ದು. ದೊಡ್ಡ ಹಿಡುವಳಿದಾರರು ಮೊದಲು ತಮ್ಮ ಒತ್ತುವರಿಯನ್ನು ಬಿಟ್ಟುಕೊಟ್ಟು, ತಮ್ಮ ದನಗಳನ್ನು ಮೊದಲು ಹೊರಗಿಟ್ಟರೆ ಉಳಿದವರಿಗೆ ಹೇಳುವ ಬಾಯಿ ಬರುವುದು.

"ಕಾಡುಪ್ರಾಣಿಗಳು ಹೆಚ್ಚಿದರೆ ಬೆಳೆ ಉಳಿಯುವುದೇ?" ಎಂಬುದು ಎರಡನೆಯದು. ಕೃಷ್ಣಮೃಗ ಮತ್ತು ಹಂದಿಗಳಿಂದ ಹೆಸರು, ಸೋಯಾ ಅವರೆ ಮೊದಲಾದ ಬೆಳೆಗಳಿಗೆ ನಷ್ಟವಾಗುವುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೇಯುವ ಬಯಲು ಕಿರಿದಾದಂತೆ ಜಿಂಕೆಯು ಹೊಲಕ್ಕೆ ಹೆಚ್ಚಾಗಿ ಬರುವುದೇ ಹೊರತು ಕಡಿಮೆಯಾಗಿ ಬರುವುದಿಲ್ಲ. ಕೃಷ್ಣಮೃಗವು 1972ರ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅದಕ್ಕೆ ಉರುಲು, ವಿದ್ಯುತ್ತಿನ ತಂತಿ ಮೊದಲಾದುವನ್ನು ಒಡ್ಡುವುದು ಘೋರ ಅಪರಾಧವು. ಅಂಥ ತಂತಿಗೆ ಮನುಷ್ಯರೂ ಬಲಿಯಾಗುವರು. ಬೆಳೆನಷ್ಟವಾದ ಕೂಡಲೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿಯನ್ನು ಕೊಡತಕ್ಕದ್ದು.

"ಸುಮ್ಮನೆ ಬಿಟ್ಟ ನೆಲದಿಂದ ಏನು ಲಾಭ?" ಎಂಬುದು ಮೂರನೆಯದು, ಎಲ್ಲಕ್ಕಿಂತ ಬಲವಾದುದು. ಮೊರಮು ಮಾರಿದರೆ ಇಂದೇ ಹಣ ಬರುವುದು. ಹುಲ್ಲಿನ ಹಣ ಚಿಲ್ಲರೆಯಾಗಿ ಬರುವುದು. ಆದರೆ ಮೊರಮಿನ ಹಣ ಒಮ್ಮೆ ಮಾತ್ರ. ಹುಲ್ಲು, ಎಲೆ, ಜೇನು, ಸೀತಾಫಲ, ಬಾವಿಯ ನೀರು ಇವು ವರ್ಷವರ್ಷವೂ ಬರತಕ್ಕುವು. ಬರಗಾಲದಲ್ಲಿ ಮೇವಿಲ್ಲದೆ ಒಂದು ಜೊತೆ ಎತ್ತನ್ನು ಅರ್ಧ ಬೆಲೆಗೆ ಮಾರಿದ ರೈತನು ಮುಂದಿನ ಮಳೆಗಾಲದಲ್ಲಿ ಅದೇ ಎತ್ತಿಗೆ ಕೊಡಬೇಕಾಗುವ ಬೆಲೆಯನ್ನು ನೆನೆದರೆ ಗಾಯರಾಣದ ಬೆಲೆಯು ತಾನೇ ತಿಳಿಯುವುದು.

ಉಪಸಂಹಾರ

ಸರ್ಕಾರವು ಕಾಯುವ ಅರಣ್ಯವು ಬೇರೆ ಕಡೆ ಇರಬಹುದು. ನೆರೆಯ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾದುದು ಸಂತೋಷದ ಸಂಗತಿ. ಆದರೆ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹುಲ್ಲು, ಕುರುಚಲು, ಒರತೆಗಳಲ್ಲಿ ಹೆಚ್ಚಿನವು ಇರುವುದು ಪಟ್ಟಾ ನೆಲದ ಅಂಚಿನಲ್ಲಿ ಮತ್ತು ಊರ ಗಾಯರಾಣದಲ್ಲಿ. ಅವುಗಳ ಕೀಲಿಕೈ ಇರುವುದು ಯಾವ ಕಚೇರಿಯಲ್ಲಿಯೂ ಅಲ್ಲ. ಗ್ರಾಮಮುಖ್ಯರ ಮತ್ತು ಭೂಮಾಲೀಕರ ಕೈಯಲ್ಲಿ. ಕಾಯಕವನ್ನೂ ದಾಸೋಹವನ್ನೂ ಕಲಿಸಿದ ಕಲ್ಯಾಣದ ಸೀಮೆಯಲ್ಲಿ, ತನ್ನದಾದುದನ್ನು ತನ್ನದಾಗಿಯೇ ಇಟ್ಟುಕೊಂಡು ಊರಿಗೂ ಮುಂದಿನವರಿಗೂ ಒದಗುವಂತೆ ನಡೆಸುವುದು ಹೊಸ ಮಾತೇನೂ ಅಲ್ಲ.

ಬರುವ ಮುಂಗಾರಿಗೆ ಮೊದಲೇ ಪ್ರತಿ ಗ್ರಾಮದವರೂ ಗಾಯರಾಣದ ಕಾಲುಪಾಲನ್ನಾದರೂ ಗುರುತಿಸಿ, ಗಡಿಕಲ್ಲು ನೆಡಿಸಿ, ಒಂದು ಮಳೆಗಾಲ ಮುಚ್ಚಿ ನೋಡಬೇಕು. ಕಾರ್ತಿಕದಲ್ಲಿ ಮುಚ್ಚಿದ ಪಾಲನ್ನೂ ಮುಚ್ಚದ ಪಾಲನ್ನೂ ಅಕ್ಕಪಕ್ಕದಲ್ಲಿ ನಿಂತು ನೋಡಿದವರಿಗೆ ಮುಂದಿನ ವರ್ಷ ಏನು ಮಾಡಬೇಕೆಂದು ಬೇರೆಯವರು ಹೇಳಬೇಕಾದ ಅಗತ್ಯವಿರಲಾರದು.